ಸೋರುವ ಟ್ಯಾಂಕು ಮತ್ತು ನಮ್ಮ ಭಾವ

ಐವತ್ತು ದಾಟಿದ ಗಂಡಸರಿಗೆ ಒಂದು ಬಗೆಯ ಹುಚ್ಚು ಹಿಡಿಯುವುದುಂಟು. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಚಾವಣಿಯಿಲ್ಲದ ಕೆಂಪು ಕಾರಿನ ರೂಪದಲ್ಲೋ ಗಿಟಾರ್ ಕ್ಲಾಸಿನ ರೂಪದಲ್ಲೋ ಬರುತ್ತದೆ. ನಮ್ಮ ಭಾವನಿಗೆ ಅದು ಕಕ್ಕಸು ಗುಂಡಿಯ ರೂಪದಲ್ಲಿ ಬಂತು. ಅದೂ ಎಂಥ ಗುಂಡಿ? ಚಕ್ರಗಳ ಮೇಲೆ ಕೂತ, ಇಪ್ಪತ್ತಾರು ವರ್ಷ ಹಳೆಯ, ತಳ ಒಡೆದು ಸೋರುವ ಗುಂಡಿ!

ಇದು ೨೦೦೫ರ ಮಾತು. ನಾನಾಗ ಪ್ರಾಜೆಕ್ಟ್ ಮೇಲೆ ಅಟ್ಲಾಂಟಾಕ್ಕೆ ಬಂದಿದ್ದೆ. ವಾರವಿಡೀ ಅಪಾರ್ಟ್‌ಮೆಂಟಿನಲ್ಲಿ ಬ್ರೆಡ್ಡು ತಿಂದು, ಶನಿವಾರ ಬೆಳಗಾದರೆ ಹತ್ತಿರದ ಕಮ್ಮಿಂಗ್ ಎಂಬ ಊರಿನಲ್ಲಿದ್ದ ಅಕ್ಕನ ಮನೆಗೆ ಓಡುತ್ತಿದ್ದೆ. ಓಡುತ್ತಿದ್ದದ್ದು ಅಕ್ಕನ ಹುಳಿಗೆ; ಸಿಕ್ಕಿಬೀಳುತ್ತಿದ್ದದ್ದು ಭಾವನ ಕೈಗೆ.

ಭಾವ ಮೈಸೂರಿನವರು, ಸೇತುವೆಗಳ ಎಂಜಿನಿಯರ್. ಕಾರು ಸೇತುವೆಯ ಮೇಲೆ ಹೋಗುವಾಗ ಮಾತು ನಿಲ್ಲಿಸಿ, ಕಿವಿಗೊಟ್ಟು ಕೇಳಿ, ಆಚೆ ದಡ ಸೇರಿದ ಮೇಲೆ ಅದಕ್ಕೆ ಹತ್ತಕ್ಕೆ ಇಷ್ಟು ಅಂತ ಮಾರ್ಕು ಕೊಡುವ ಮನುಷ್ಯ. ರಿಪೇರಿಯವನೊಬ್ಬ ತಮ್ಮ ಮನೆ ಹೊಸ್ತಿಲು ತುಳಿಯುವುದು ಅವರಿಗೆ ಮಹಾ ಅವಮಾನ. ಪಾತ್ರೆ ತೊಳೆಯುವ ಮಿಷನ್ನನ್ನು ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸಿದರು. ಎರಡು ತಿರುಪು, ಒಂದು ಸ್ಪ್ರಿಂಗು ಉಳಿದವು. ಮಿಷನ್ನು ಮಾತ್ರ ಮೊದಲಿಗಿಂತ ಚೆನ್ನಾಗಿ ಓಡಿತು. ಉಳಿದ ಸಾಮಾನನ್ನು ಉಪ್ಪಿನಕಾಯಿ ಸೀಸೆಗೆ ಹಾಕಿ, ಮೇಲೆ ‘ಕಂಪನಿಯವರ ದುಂದು’ ಎಂದು ಚೀಟಿ ಅಂಟಿಸಿದರು. ಇಂಥವರನ್ನು ಏನೆಂದು ಬಯ್ಯುವುದು?

ಆ ವರ್ಷ ಫೆಬ್ರವರಿಯ ಒಂದು ಶನಿವಾರ ಹೋಗಿ ನೋಡುತ್ತೇನೆ, ಮನೆ ಮುಂದೆ ಒಂದು ಟ್ರೇಲರ್ ನಿಂತಿದೆ. ಅಮೆರಿಕನ್ನರು ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಕ್ಯಾಂಪಿಂಗ್ ಹೋಗುತ್ತಾರಲ್ಲ, ಒಳಗೆ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ಬಂಡಿ ಮನೆ, ಅದು. ಬೆಟ್ಟದ ಕಡೆಯ ಯಾವುದೋ ಹೊಲದಲ್ಲಿ ಹುಲ್ಲಿನ ನಡುವೆ ಬಿದ್ದಿದ್ದನ್ನು ತಂದಿದ್ದರು. ಕಿಟಕಿಯ ಪರದೆಯಲ್ಲಿ ಅಳಿಲು ಸಂಸಾರ ಮಾಡಿದ ಗುರುತಿತ್ತು. ಭಾವ ನನ್ನನ್ನು ನೇರ ಅದರ ಕಕ್ಕಸಿಗೆ ಕರೆದೊಯ್ದು, ಅತಿಥಿಗೆ ದೇವರಮನೆ ತೋರಿಸುವ ಹಾಗೆ ಬಾಗಿಲು ತೆರೆದು ತೋರಿಸಿದರು.

ಅವರಿದ್ದದ್ದು ಹೊಸ ಬಡಾವಣೆ. ಎಲ್ಲರ ಹುಲ್ಲೂ ಒಂದೇ ಎತ್ತರ, ಎಲ್ಲರ ಟಪಾಲು ಡಬ್ಬಿಯೂ ಒಂದೇ ಬಣ್ಣ. ಮೂರನೇ ದಿನಕ್ಕೇ ಬಡಾವಣೆಯ ಸಂಘದಿಂದ ಕಾಗದ ಬಂತು: ಇಂಥ ವಾಹನವನ್ನು ಸತತವಾಗಿ ನಲವತ್ತೆಂಟು ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲ. ಭಾವ ಆ ಕಾಗದವನ್ನು ಮೂರು ಸಲ ಓದಿ, ‘ಸತತವಾಗಿ’ ಎಂಬ ಪದದ ಕೆಳಗೆ ಗೆರೆ ಎಳೆದರು. ಅಂದಿನಿಂದ ದಿನ ಬಿಟ್ಟು ದಿನ, ಆಫೀಸಿಗೆ ಹೋಗುವ ಮುಂಚೆ, ತಮ್ಮ ಹಳೆಯ ಪಿಕಪ್ ಟ್ರಕ್ಕಿಗೆ ಟ್ರೇಲರನ್ನು ಕಟ್ಟಿ ಬಡಾವಣೆಗೆ ಒಂದು ಸುತ್ತು ಹಾಕಿಸಿ ತಂದು ಮತ್ತದೇ ಜಾಗದಲ್ಲಿ ನಿಲ್ಲಿಸುತ್ತಿದ್ದರು. ನೆರೆಯವರು ನಾಯಿಯನ್ನು ವಾಕಿಂಗ್ ಕರೆದೊಯ್ಯುವ ಹೊತ್ತಿಗೆ ಇವರು ಕಕ್ಕಸನ್ನು ವಾಕಿಂಗ್ ಕರೆದೊಯ್ಯುತ್ತಿದ್ದರು.

ಇಷ್ಟಕ್ಕೆ ನಿಂತಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಟ್ರೇಲರಿನ ಹೊಟ್ಟೆಯಡಿ ಕೊಳಕು ನೀರು ತುಂಬಿಕೊಳ್ಳುವ ಒಂದು ದೊಡ್ಡ ಪ್ಲಾಸ್ಟಿಕ್ ಟ್ಯಾಂಕು ಇರುತ್ತದೆ. ಅದು ಸೋರುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗಲು ಟ್ಯಾಂಕಿಗೆ ಬಣ್ಣದ ನೀರು ತುಂಬಬೇಕೆಂದು ಭಾವ ತೀರ್ಮಾನಿಸಿದರು. ಮನೆಯಲ್ಲಿ ಕಾಸಿಲ್ಲದೆ ಸಿಗುವ ಬಣ್ಣ ಯಾವುದು? ಅಕ್ಕನ ಅರಿಸಿನದ ಡಬ್ಬಿ ಪೂರ್ತಿ ಖಾಲಿಯಾಯಿತು. ಕೆಳಗೆ ಹಾಸಿದ ಬಿಳಿ ಕಾಗದದ ಮೇಲೆ ಒಂದಲ್ಲ, ಐದು ಕಡೆ ಹಳದಿ ತೊಟ್ಟಿಕ್ಕಿತು. ಆಮೇಲೆ ಕಾಗದ ದಾಟಿ, ಡ್ರೈವ್‌ವೇ ದಾಟಿ, ರಸ್ತೆಯ ಅಂಚಿನಲ್ಲಿ ನಿಧಾನವಾಗಿ ಹರಿಯತೊಡಗಿತು. ಅದೇ ಹೊತ್ತಿಗೆ ಸಂಘದ ಕಾರ್ಯದರ್ಶಿ ಹೆಂಗಸು ನಾಯಿ ಹಿಡಿದುಕೊಂಡು ಬರಬೇಕೆ? ಆಕೆ ಹಳದಿ ಹೊಳೆಯನ್ನು ನೋಡಿದಳು, ಕಕ್ಕಸಿನ ಟ್ರೇಲರನ್ನು ನೋಡಿದಳು, ಭಾವನನ್ನು ನೋಡಿದಳು. ಭಾವ ಗಂಭೀರವಾಗಿ, ಇದು ಸಾಂಬಾರ ಪದಾರ್ಥ, ಆರೋಗ್ಯಕ್ಕೆ ಒಳ್ಳೆಯದು ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಆಮೇಲೆ ಆಕೆ ವಾಕಿಂಗಿಗೆ ಬೇರೆ ಬೀದಿ ಹಿಡಿದಳು.

ಬಿರುಕಿಗೆ ಅಂಟು ಹಚ್ಚಿದರು, ಬಟ್ಟೆ ಸುತ್ತಿ ರಾಳ ಬಳಿದರು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಕಡೆಗೆ ಟ್ಯಾಂಕನ್ನೇ ಬದಲಾಯಿಸುವುದು ಎಂದಾಯಿತು. ಟ್ರೇಲರ್ ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಭಾವ ಅಳತೆ ತೆಗೆದು, ಸೇತುವೆಗೆ ಬರೆಯುವಂಥ ನಕ್ಷೆ ಬರೆದು, ಉತ್ತರದ ಯಾವುದೋ ಊರಿನ ಕಾರ್ಖಾನೆಗೆ ಕಳಿಸಿದರು.

ಹಳೆ ಟ್ಯಾಂಕು ಇಳಿಸುವ ಶನಿವಾರ ಬಂತು. ಅದನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದಿದ್ದವು. ಪಟ್ಟಿ ಕೊಯ್ಯುವುದು ಭಾವನ ಕೆಲಸ. ಅಡಿಯಲ್ಲಿ ಅಂಗಾತ ಮಲಗಿ ಟ್ಯಾಂಕನ್ನು ಎದೆಯ ಮೇಲೆ ಇಳಿಸಿಕೊಳ್ಳುವುದು ನನ್ನದು. ಖಾಲಿ ತಾನೇ ಭಾವ ಎಂದು ಕೇಳಿದೆ. ನೂರಕ್ಕೆ ತೊಂಬತ್ತೊಂಬತ್ತು ಭಾಗ ಖಾಲಿ ಎಂದರು. ಉಳಿದ ಒಂದು ಭಾಗ ಇಪ್ಪತ್ತಾರು ವರ್ಷದಿಂದ ನನಗಾಗಿಯೇ ಕಾದಿತ್ತು. ಅದು ಯಾವ ಕಿವಿಯಿಂದ ಒಳಗೆ ಹೋಯಿತು ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ.

ಹುಲ್ಲಿಗೆ ನೀರು ಹಾಯಿಸುವ ಪೈಪಿನಲ್ಲಿ ಭಾವ ನನ್ನನ್ನು ತೊಳೆಯುತ್ತಿದ್ದಾಗ ನನ್ನ ತಾಳ್ಮೆ ತಪ್ಪಿತು. ದೇಶದ ತುಂಬ ಮೋಟೆಲ್ಲುಗಳಿವೆ, ಹೆಜ್ಜೆಗೊಂದು ಪೆಟ್ರೋಲ್ ಬಂಕಿದೆ, ಎಲ್ಲದರಲ್ಲೂ ಕಕ್ಕಸಿದೆ, ನಿಮಗೆ ಈ ಹಾಳು ಟ್ಯಾಂಕು ಯಾತಕ್ಕೆ ಎಂದು ಕೂಗಾಡಿದೆ. ಭಾವ ನೀರು ನಿಲ್ಲಿಸಿದರು. ಅಡುಗೆಮನೆಯ ಕಿಟಕಿ ಮುಚ್ಚಿದೆಯೇ ಎಂದು ನೋಡಿಕೊಂಡರು.

“ನಿಮ್ಮಕ್ಕ ಈ ಮನೆ ಬಿಟ್ಟು ಹೊರಗೆ ಹೋಗಿದ್ದು ಯಾವಾಗ ನೋಡಿದ್ಯೋ?” ಎಂದು ಕೇಳಿದರು.

ನಾನು ಯೋಚಿಸಿದೆ. ದೇವಸ್ಥಾನಕ್ಕೆ ಕರೆದರೆ ತಲೆನೋವು. ಸಂಕ್ರಾಂತಿಗೆ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಕರೆದರೆ ಸುಸ್ತು. ಅಂಗಡಿಗೆ ನಾನೂ ಭಾವನೂ ಹೋಗಿಬರುತ್ತಿದ್ದೆವು. ಪ್ರತಿ ವಾರ ಅವಳ ಕೈಯಡುಗೆ ಉಂಡು ಬರುವ ನನ್ನ ಕಣ್ಣಿಗೇ ಇದು ಬಿದ್ದಿರಲಿಲ್ಲ!

“ಕರುಳಿನ ಕಾಯಿಲೆ. ನಾಲ್ಕು ವರ್ಷ ಆಯ್ತು,” ಎಂದರು ಭಾವ. “ಮೆಡಿಸಿನ್ ನಡೀತಿದೆ. ಆದ್ರೆ ಬಂತು ಅಂದ್ರೆ ಎರಡು ನಿಮಿಷ ಟೈಮ್ ಕೊಡಲ್ಲ. ಒಂದ್ಸಲ ಹೈವೇಲಿ ತಡ್ಕೊಳ್ಳಕ್ಕಾಗ್ಲಿಲ್ಲ. ಅವತ್ತಿಂದ ಕಾರು ಹತ್ತೋದೇ ಬಿಟ್ಲು. ಯಾರಿಗೂ ಹೇಳ್ಬೇಡಿ ಅಂತ ನನ್ನ ಹತ್ರ ಪ್ರಾಮಿಸ್ ಮಾಡಿಸ್ಕೊಂಡಿದ್ದಾಳೆ. ನಿನಗೂ ಹೇಳ್ಬಾರದಿತ್ತು.”

ಅವರ ಒಬ್ಬಳೇ ಮಗಳು ಆಗ ವರ್ಜೀನಿಯಾದ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಅವಳು ಕಾಲೇಜು ಸೇರಿದ ವರ್ಷವೇ ಅಕ್ಕನ ಕಾಯಿಲೆ ಶುರುವಾದದ್ದು. ಮಗಳ ಕಾಲೇಜನ್ನು ಅಕ್ಕ ಒಮ್ಮೆಯೂ ನೋಡಿರಲಿಲ್ಲ. ಮೇ ತಿಂಗಳಲ್ಲಿ ಪದವಿ ಸಮಾರಂಭ. ಕಾರಿನಲ್ಲಿ ಹತ್ತು ಗಂಟೆಯ ದಾರಿ. ವಿಮಾನದಲ್ಲಿ ಹೋಗೋಣವೆಂದರೆ, ಬೆಲ್ಟು ಬಿಚ್ಚದೆ ಕೂರಬೇಕಾದ ಆ ಮೊದಲ ಅರ್ಧಗಂಟೆಯನ್ನು ನೆನೆಸಿಕೊಂಡೇ ಅಕ್ಕ ಬೆವರುತ್ತಿದ್ದಳಂತೆ. ವಿಡಿಯೋ ತೆಗೆದು ಕಳಿಸು ಪುಟ್ಟಿ ಎಂದು ಮಗಳಿಗೆ ಆಗಲೇ ಹೇಳಿಬಿಟ್ಟಿದ್ದಳು.

ನಾನು ಮತ್ತೆ ಟ್ರೇಲರಿನ ಅಡಿಗೆ ತೂರಿಕೊಂಡೆ. ಆಮೇಲೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಹೊಸ ಟ್ಯಾಂಕು ಬಂದದ್ದು ಏಪ್ರಿಲ್ ಕೊನೆಗೆ. ಭಾವ ಅದನ್ನು ತಟ್ಟಿ, ಕಿವಿಗೊಟ್ಟು, ಒಂಬತ್ತು ಮಾರ್ಕು ಕೊಟ್ಟರು. ಕೂರಿಸಿ ನೋಡಿದರೆ ಅದರ ಬಾಯಿ ಕಕ್ಕಸಿನ ತೂತಿಗಿಂತ ನಾಲ್ಕು ಇಂಚು ಪಕ್ಕಕ್ಕಿದೆ! ತಪ್ಪು ಕಾರ್ಖಾನೆಯದಲ್ಲ, ಭಾವನ ನಕ್ಷೆಯದೇ. ಅವರು ನಕ್ಷೆಯನ್ನು ನೋಡಿದರು, ಮಡಚಿ ಜೇಬಿಗಿಟ್ಟರು, ಜಗಲಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ಸಮಾರಂಭಕ್ಕೆ ಎರಡು ವಾರವಿತ್ತು. ಸೇತುವೆ ಕಟ್ಟುವ ಮನುಷ್ಯ ಹಾಗೆ ಕೈಚೆಲ್ಲಿ ಕೂತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅರ್ಧ ಗಂಟೆ ಕಳೆದು ಎದ್ದರು. ಟ್ಯಾಂಕು ಕಕ್ಕಸಿನ ಹತ್ತಿರ ಬರದಿದ್ದರೆ ಕಕ್ಕಸೇ ಟ್ಯಾಂಕಿನ ಹತ್ತಿರ ಹೋಗಲಿ ಎಂದು ನೆಲದ ಹಲಗೆ ಕೊಯ್ದರು.

ಇದರಿಂದ ಆಸನ ಮೂಲೆಗೆ ತಿರುಗಿ ಓರೆಯಾಗಿ ಕೂತಿತು. ಕೂತವರ ಮೊಣಕಾಲು ಸಿಂಕಿಗೆ ತಾಗುತ್ತಿತ್ತು. ಅಕ್ಕ ಬಂದು ನೋಡಿ, ಮುಖ ಈಶಾನ್ಯಕ್ಕೆ ಬಂತಲ್ರೀ, ಇದು ವಾಸ್ತುವಿಗೆ ಆಗುತ್ತದೆಯೇ ಎಂದಳು. ರಸ್ತೆ ತಿರುಗಿದ ಹಾಗೆ ಇದರ ದಿಕ್ಕೂ ತಿರುಗುತ್ತಲೇ ಇರುತ್ತದೆ, ಯಾವ ವಾಸ್ತು ದೋಷವೂ ಬೆನ್ನಟ್ಟಿ ಹಿಡಿಯಲಾರದು ಎಂದರು ಭಾವ. ನಾನು ಬಗ್ಗಿ ಕೆಳಗೆ ನೋಡಿದೆ. ಒಂದು ತೊಟ್ಟೂ ಇಲ್ಲ. ಎರಡು ದಿನ ನೀರು ತುಂಬಿಟ್ಟು, ರೈಲು ಹಳಿಗಳ ಮೇಲೆ ಕುಲುಕಾಡಿಸಿ ತಂದೆವು. ಆಗಲೂ ಒಂದು ತೊಟ್ಟಿಲ್ಲ.

ಸಮಾರಂಭದ ವಾರ ಭಾವ ಅಕ್ಕನನ್ನು ಹೇಗೋ ಒಪ್ಪಿಸಿದರು; ಗುರುವಾರ ಬೆಳಿಗ್ಗೆ ಮೂವರೂ ಹೊರಟೆವು. ಟ್ರಕ್ಕಿನಲ್ಲಿ ನಡುವೆ ಅಕ್ಕ, ಹಿಂದೆ ಟ್ರೇಲರು. ಜಾರ್ಜಿಯಾ ದಾಟುವವರೆಗೆ ಅಕ್ಕ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಸೌತ್ ಕೆರೊಲಿನಾದಲ್ಲಿ ಎರಡು ಸಲ ನಿಲ್ಲಿಸಿದೆವು. ಎರಡು ಸಲವೂ ಅವಳು ಹಿಂದೆ ಹೋಗಿಬಂದಳು. ನಾನೂ ಭಾವನೂ ಟೈರು ನೋಡುವ ನಾಟಕವಾಡಿದೆವು.

ನಾರ್ತ್ ಕೆರೊಲಿನಾದಲ್ಲಿ, ಪೀಠೋಪಕರಣದ ಕಾರ್ಖಾನೆಗಳ ಸೀಮೆಯಲ್ಲಿ, ಮುಂದೆ ಒಂದು ಲಾರಿ ಮಗುಚಿ ಹೈವೇ ತುಂಬ ಸೋಫಾಗಳು ಚೆಲ್ಲಾಪಿಲ್ಲಿಯಾಗಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲವಂತೆ. ಆದರೆ ಮೈಲುಗಟ್ಟಲೆ ಕಾರುಗಳು ಅಲ್ಲಾಡದೆ ನಿಂತವು. ಒಂದು ಗಂಟೆ, ಎರಡು ಗಂಟೆ. ಬಿಸಿಲು. ಜನ ಎಂಜಿನ್ ಆರಿಸಿ ರಸ್ತೆಗಿಳಿದರು. ಅಕ್ಕ ಒಮ್ಮೆ ಹಿಂದೆ ಹೋಗಿ, ಮುಖ ತೊಳೆದುಕೊಂಡು ಬಂದಳು. ನಾಲ್ಕು ವರ್ಷದಿಂದ ಅವಳು ಹೆದರುತ್ತಿದ್ದದ್ದು ಇಂಥ ಜಾಗಕ್ಕೇ. ಅಲ್ಲಿ ಅವಳೊಬ್ಬಳೇ ನಿರಾಳವಾಗಿದ್ದಳು.

ಪಕ್ಕದ ಸಾಲಿನ ಕಾರಿನಲ್ಲಿ ಒಬ್ಬ ಬಿಳಿಯ ಮುದುಕಿ ಕೂತಿದ್ದಳು. ಎಲ್ಲರೂ ಕೆಳಗಿಳಿದರೂ ಆಕೆ ಇಳಿದಿರಲಿಲ್ಲ. ಹಣೆ ಬೆವರಿತ್ತು, ಎರಡೂ ಕೈ ಸೀಟಿನ ಅಂಚನ್ನು ಹಿಡಿದಿದ್ದವು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಅಕ್ಕ ಮಾತ್ರ ಸ್ವಲ್ಪ ಹೊತ್ತು ನೋಡಿ, ನನ್ನನ್ನು ದಾಟಿ ಇಳಿದು, ಆ ಕಾರಿನ ಗಾಜು ತಟ್ಟಿದಳು. ಗಾಜು ಇಳಿಯಿತು. ಅಕ್ಕ ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು: ನನಗೆ ಕರುಳಿನ ಕಾಯಿಲೆ ಇದೆ, ತಡೆದುಕೊಳ್ಳಲಾಗುವುದಿಲ್ಲ, ಅದಕ್ಕೇ ನನ್ನ ಗಂಡ ಇದನ್ನು ಕಟ್ಟಿದ್ದಾರೆ. ಸಂಕೋಚ ಬೇಡ, ಬನ್ನಿ.

ನನಗೂ ಹೇಳದ ಮಾತು! ಮುದುಕಿ ಅವಳ ಕೈ ಹಿಡಿದುಕೊಂಡೇ ಹೋದಳು.

ಆಕೆ ಇಳಿದು ಬಂದದ್ದನ್ನು ನೋಡಿ ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ಬಂದಳು. ಅವಳ ಹಿಂದೆ ಇಬ್ಬರು ಹುಡುಗಿಯರು, ಅವರ ಹಿಂದೆ ಒಬ್ಬ ದಢೂತಿ ಲಾರಿ ಡ್ರೈವರ್. ಹತ್ತು ನಿಮಿಷದಲ್ಲಿ ನಮ್ಮ ಟ್ರೇಲರಿನ ಮುಂದೆ ಹತ್ತೊಂಬತ್ತು ಜನರ ಸಾಲು. ಅಕ್ಕ ಬಾಗಿಲಲ್ಲಿ ನಿಂತು, ಮದುವೆ ಮನೆಯಲ್ಲಿ ಪನ್ನೀರು ಹಾಕುವವಳ ಹಾಗೆ ಒಬ್ಬೊಬ್ಬರಿಗೂ ಪೇಪರ್ ಟವೆಲ್ ಹರಿದುಕೊಟ್ಟಳು. ಭಾವ ಟಾರ್ಚು ಹಿಡಿದು ನೆಲದ ಮೇಲೆ ಮಲಗಿ ಟ್ಯಾಂಕಿನ ತಳ ನೋಡುತ್ತ, ದಯವಿಟ್ಟು ಕಡಿಮೆ ನೀರು ಬಳಸಿ ಎಂದು ಅಡಿಯಿಂದಲೇ ಪ್ರಾರ್ಥಿಸುತ್ತಿದ್ದರು. ಕೂತವರಿಗೆ ನೆಲದಡಿಯಿಂದ ಅಶರೀರವಾಣಿ ಕೇಳಿದರೆ ಹೇಗಾಗಿರಬೇಡ? ಲಾರಿ ಡ್ರೈವರ್ ಅರ್ಧಕ್ಕೇ ಎದ್ದು ಬಂದನೆಂದು ನನ್ನ ಅನುಮಾನ.

ಟ್ಯಾಂಕು ತುಂಬುವುದಕ್ಕೆ ಒಂದಿಂಚು ಉಳಿದಿರುವಾಗ ದಾರಿ ತೆರೆಯಿತು. ಸೋರಲಿಲ್ಲ.

ಶನಿವಾರ ಸಮಾರಂಭದ ಹುಲ್ಲುಹಾಸಿನಲ್ಲಿ ಅಕ್ಕ ಎರಡು ಸಲ ಎದ್ದುಹೋದಳು, ಎರಡು ಸಲವೂ ಸಾಲಿನವರಿಗೆಲ್ಲ ಎಕ್ಸ್‌ಕ್ಯೂಸ್ ಮಿ ಹೇಳಿ ವಾಪಸು ಬಂದಳು. ಮಗಳ ಹೆಸರು ಕರೆದಾಗ ಜಾಗದಲ್ಲೇ ಇದ್ದಳು. ಕರಿಯ ನಿಲುವಂಗಿಯ ಹುಡುಗಿ ಓಡಿಬಂದು ತಬ್ಬಿಕೊಂಡು, “ಅಮ್ಮಾ, ನೀನು ಬಂದೆ. ಯು ಆಕ್ಚುಲಿ ಕೇಮ್,” ಎಂದು ಅದನ್ನೇ ಮೂರು ಸಲ ಹೇಳಿದಳು.

ಮರುದಿನ ಬೆಳಿಗ್ಗೆ, ವರ್ಜೀನಿಯಾದ ಸೆಂಟರ್‌ವಿಲ್ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ, ಟ್ಯಾಂಕು ಖಾಲಿ ಮಾಡುವ ಜಾಗದಲ್ಲಿ ನಾನೂ ಭಾವನೂ ನಿಂತಿದ್ದೆವು. ಭಾವ ಮೊಣಕೈವರೆಗಿನ ರಬ್ಬರ್ ಗ್ಲೌಸ್ ತೊಟ್ಟು, ಪೈಪನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕೆಲಸ ಮುಗಿಯಿತಲ್ಲ, ಇನ್ನು ಇದನ್ನು ಮಾರಿಬಿಡುತ್ತೀರಾ ಎಂದು ಕೇಳಿದೆ.

“ಸಮುದ್ರಕ್ಕೆ ಹೋಗೋಣ ಅಂತಿದ್ದಾಳೆ ಕಣೋ,” ಎಂದರು. “ನಾನೇನೂ ಹೇಳ್ಲಿಲ್ಲ. ಅವಳಾಗೇ ಮ್ಯಾಪ್ ತೆಗೆದು ತೋರಿಸಿದ್ಲು.”

ಕನ್ನಡಕದ ಹಿಂದೆ ಕಣ್ಣು ತುಂಬಿ ಗಾಜು ಮಸುಕಾಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಯ ಗ್ಲೌಸು ಆ ಸ್ಥಿತಿಯಲ್ಲಿದ್ದವು. ನಾನು ಹತ್ತಿರ ಹೋಗಿ ಅವರ ಕನ್ನಡಕ ತೆಗೆದೆ. ನನ್ನ ಅಂಗಿಯ ತುದಿಯಿಂದ ಮೊದಲು ಗಾಜನ್ನು, ಆಮೇಲೆ ಕಣ್ಣನ್ನು ಒರೆಸಿ, ಮೆಲ್ಲಗೆ ಮತ್ತೆ ಮೂಗಿನ ಮೇಲೆ ಕೂರಿಸಿದೆ.