ಎಲೆಯ ಬೆನ್ನಿನ ಬರಹ

ನನಗೆ ಹಗಲುಗನಸಿನ ಚಟವಿದೆ. ಎಲೆ-ಅಡಿಕೆಯ ಚಟವಿದ್ದವರನ್ನು ತುಟಿಯ ಕೆಂಪಿನಿಂದ ಗುರುತು ಹಿಡಿಯಬಹುದು. ನನ್ನಂಥವರನ್ನು ಉಕ್ಕಿ ಒಲೆ ಮೇಲೆ ಹರಿದ ಹಾಲಿನಿಂದ ಹಿಡಿಯಬೇಕು. ಶಿಗ್ಗಾಂವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಸವಣೂರಿನಿಂದ ಬಸ್ಸು ಹೊರಟು ಕಿಟಕಿಯಾಚೆ ಎಲೆಬಳ್ಳಿಯ ತೋಟ ಕಂಡಿತೆಂದರೆ ಕಣ್ಣು ತೆರೆದೇ ಇರುತ್ತದೆ, ನಾನು ಮಾತ್ರ ಅಲ್ಲಿರುವುದಿಲ್ಲ. "ಮೇಡಮ್ಮಾರ, ನಿಮ್ಮ ಸ್ಟಾಪ್ ಬಂತ್ರಿ, ಏಳ್ರಿ" ಎಂದು ಕಂಡಕ್ಟರು ಎಷ್ಟೋ ಸಲ ಎಬ್ಬಿಸಿದ್ದಾನೆ. ಅದು ನಿದ್ದೆಯಲ್ಲವೆಂದು ಅವನಿಗೆ ಹೇಳುವುದನ್ನು ಬಿಟ್ಟಿದ್ದೇನೆ.

ಈಚಿನ ಕನಸು ಆ ಎಲೆಯದೇ. ಪಾಪ, ಬಳ್ಳಿಗೆ ಓಡಿಹೋಗಲು ಕಾಲಿಲ್ಲ, ಬೈಯಲು ಬಾಯಿಲ್ಲ. ಹುಳ, ಬಿಸಿಲು ಎರಡನ್ನೂ ನಿಂತಲ್ಲೇ ತಾಳಬೇಕು. ಅದಕ್ಕೆಂದೇ ಒಂದಿಷ್ಟು ಒಗರು, ಒಂದಿಷ್ಟು ಖಾರ ಎಲೆಯೊಳಗೆ ಮಾಡಿಟ್ಟುಕೊಳ್ಳುತ್ತದೆ. ಅದರಲ್ಲಿ ಬಹುಪಾಲು ನಮ್ಮ ಪುಸ್ತಕದ ಫೀನಾಲುಗಳು. ಎಲೆ ಅರೆದು, ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಔಷಧಿಯ ಹನಿ ಹಾಕಿದರೆ ನೀಲಿ ಬಣ್ಣ ಏಳುತ್ತದೆ. ಸತ್ವ ಹೆಚ್ಚಿದ್ದಷ್ಟೂ ನೀಲಿ ಗಾಢ. ಇದನ್ನೆಲ್ಲ ಅತ್ತೆಗೆ ವಿವರಿಸಿದಾಗ ಅವರು ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ, "ಎಲ್ಯಾಗ ಫಿನೈಲ್ ಐತೇನ ಯವ್ವಾ? ಅದನ್ನ ನಾವು ಬಚ್ಚಲಾ ತೊಳ್ಯಾಕ ತರ್ತೇವಿ" ಎಂದರು.

ಸವಣೂರಿನ ಎಲೆಯಲ್ಲಿ ಸತ್ವ ಹೆಚ್ಚೋ, ಹತ್ತಿಮತ್ತೂರಿನದರಲ್ಲೋ ಎಂದು ನೋಡುವ ಆಸೆಯಿಂದ ಎರಡೂ ಕಡೆಯ ಎಲೆ ತಂದೆ. ಚೀಟಿ ಕಟ್ಟಿದರೆ ಉದುರುತ್ತವೆಂದು ಎಲೆಗಳ ಬೆನ್ನಿಗೇ ಪೆನ್ನಿನಿಂದ ಗುಣ ಬರೆದು, ಒದ್ದೆ ಅರಿವೆಯಲ್ಲಿ ಸುತ್ತಿ ಅಡುಗೆಮನೆಯ ಗಡಿಗೆಯಲ್ಲಿಟ್ಟೆ. ಅದೇ ಗಡಿಗೆಯಲ್ಲಿ ಅತ್ತೆಯದೂ ಒಂದು ಒದ್ದೆ ಗಂಟಿತ್ತು.

ಅದು ನಾದಿನಿ ಗಿರಿಜಾಳ ಎಲೆ-ಅಡಿಕೆ ಶಾಸ್ತ್ರಕ್ಕೆಂದು ತಂದ ಎಲೆಗಳ ಗಂಟು. ನಮ್ಮ ಕಡೆ ಮದುವೆಯ ಮಾತು ಗಟ್ಟಿಯಾಗುವುದು ತಾಟು ಬದಲಾಯಿಸುವ ಆ ಶಾಸ್ತ್ರದಲ್ಲಿ. "ಎಲಿ ಬದಲಾದುವು ಅಂದ್ರ ಮಾತು ಬದಲಾಗಂಗಿಲ್ಲ" ಎನ್ನುತ್ತಾರೆ ಅತ್ತೆ. ಗಿರಿಜಾಗೆ ಹುಡುಗ ಮೆಚ್ಚಿಗೆಯಾಗಿದ್ದ. ಆದರೆ ಹುಡುಗಿಯ ಬಾಯಿ ಜೋರು ಎಂಬ ಸುದ್ದಿಗೆ ಹಿಂದಿನ ಸಂಬಂಧಗಳು ಮುರಿದುಬಿದ್ದಿದ್ದವು. ಹಾಗಾಗಿ ಈ ಸಲ ಹಿರೇಕೆರೂರಿನ ಬೀಗರಿಗೆ ಅತ್ತೆ ಮೊದಲೇ ಹೇಳಿಟ್ಟಿದ್ದರು: "ನಮ್ಮ ಗಿರಿಜಾ ಆಕಳಂಥಾಕಿ ರೀ."

ಶಾಸ್ತ್ರ ಸಂಜೆಗೆ. ಬೆಳಿಗ್ಗೆ ನಾನು ಗಂಟು ಹಿಡಿದು ಕಾಲೇಜಿಗೆ ಓಡಿದೆ. ರಜೆಯ ಪ್ರಯೋಗಾಲಯದಲ್ಲಿ ನಾನೊಬ್ಬಳೇ. ಬಿಚ್ಚಿದರೆ ಎಲೆಯ ಮೇಲೆ ಬರಹವಿಲ್ಲ, ನೀರಿಗೆ ಅಳಿಸಿರಬೇಕೆಂದುಕೊಂಡೆ. ಅಲ್ಲಲ್ಲಿ ಹಳದಿ, ಹಣ್ಣೆಲೆ ಇರಬೇಕೆಂದುಕೊಂಡೆ. ಅರೆದೆ, ನೆನೆಸಿದೆ, ಸೋಸಿದೆ. ಆಮೇಲೆ ನೀಲಿ ಬಂತು ನೋಡಿ. ಇಳಕಲ್ ಸೀರೆಯ ಒಡಲಿನಂಥ ನೀಲಿ. ಕಿಟಕಿಯ ಬೆಳಕಿಗೆ ಗಾಜಿನ ನಳಿಗೆ ಹಿಡಿದು ನಿಂತೆ. ಬಳ್ಳಿ ಇಷ್ಟು ದಿನ ಯಾರಿಗೂ ಹೇಳದ ಮಾತನ್ನು ನನ್ನೊಬ್ಬಳಿಗೇ ಹೇಳಿತು ಅನಿಸಿತು. ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಜನ ಹಾರ ಹಿಡಿದು ನಿಂತಿರುವುದೂ ಕಂಡಿತು. ಹಾರದ ಜನರಲ್ಲಿ ಕಂಡಕ್ಟರನೂ ಇದ್ದ.

ಸಂಜೆ ಬೀಗರು ಬಂದರು, ತಾಟು ಬದಲಾಯಿಸುವ ಮುನ್ನ ಹಿರಿಯರಿಗೆ ಅತ್ತೆ ಎಲೆ ಕೊಟ್ಟರು. ಎಲೆಗೆ ಸುಣ್ಣ ಹಚ್ಚುವುದು ಬೆನ್ನಿಗೆ. ಹುಡುಗನ ಅಜ್ಜಿ ಎಲೆ ಮಗುಚಿದವರು ಹಾಗೇ ನಿಂತರು. "ಇದರಾಗ ಏನೋ ಬರದೈತಿ, ಓದಪಾ" ಎಂದು ಮೊಮ್ಮಗನ ಕೈಗಿತ್ತರು. ಮದುಮಗ ಭಕ್ತಿಯಿಂದ ಓದಿದ: "ಬಲಿತದ್ದು. ಖಾರ ಹೆಚ್ಚು. ಬೇಗ ಬಾಡುವುದಿಲ್ಲ."

ಅತ್ತೆ ನನ್ನ ಕಡೆ ನೋಡಿದರು. ನಾನು ಜಂತಿಯ ಕಡೆ ನೋಡಿದೆ. ಬಾಗಿಲ ಮರೆಯಲ್ಲಿದ್ದ ಗಿರಿಜಾಳ ಬಳೆ ಝಲ್ಲೆಂದವು. ನನಗೆ ನಿಜಕ್ಕೂ ಅಳು ಬಂತು.

"ಹುಡುಗಿ ಆಕಳಂಥಾಕಿ ಅಂದಿದ್ರಿ" ಎಂದರು ಅಜ್ಜಿ.

ಅತ್ತೆ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗಿರಿಜಾಳ ದನಿ ಬಂತು: "ಆಕಳಕ್ಕೂ ಕೋಡ ಇರ್ತಾವ್ರಿ ಅಜ್ಜಿ."

ಅಜ್ಜಿಯ ಹೊಟ್ಟೆ ಮೊದಲು ಅಲುಗಿತು, ನಗು ಆಮೇಲೆ ಬಂತು. "ಇದ್ದದ್ದನ್ನ ಬರದ ಕೊಟ್ಟಾರ. ನಮ್ಮನ್ಯಾಗ ಎಲ್ಲಾರೂ ಸಪ್ಪಗ ಅದಾರ, ಒಬ್ಬಾಕಿ ಖಾರ ಇರ್ಲಿ. ತಾಟು ತರ್ರಿ" ಎಂದು ಆ ಎಲೆಯನ್ನು ಅಗಿಯದೆ ಸೆರಗಿನ ಗಂಟಿಗೆ ಕಟ್ಟಿಕೊಂಡರು.

ಒಳಗೆ ಹೋದಮೇಲೆ ಅತ್ತೆ ಹಣೆ ಬಡಿದುಕೊಂಡರು. "ನನ್ನ ಗಂಟು ನೀ ಒಯ್ದೀ ಯವ್ವಾ, ಅದಕ್ಕ ನಾ ಹಚ್ಚಿಟ್ಟ ಅರಿಷಿಣ ಕಾಣಲಿಲ್ಲ. ಒದ್ದಿ ಅರಬಿ ಕುಡದೈತಿ ಅಂತ ತಿಳದು ಮತ್ತ ಹಚ್ಚಿದೆ."

ಅರಿಷಿಣ ಎಂದಕೂಡಲೇ ಬೆಳಗಿನ ಎಲೆಯ ಹಳದಿ ನೆನಪಾಯಿತು. ಅರಿಷಿಣದಲ್ಲೂ ಫೀನಾಲು ಬೇಕಾದಷ್ಟು. ಬಳ್ಳಿ ನನಗೇನೂ ಹೇಳಿರಲಿಲ್ಲ. ಅತ್ತೆಯ ಅರಿಷಿಣ ಡಬ್ಬಿಯ ಮಾತನ್ನು ನಾನು ಬಳ್ಳಿಯದೆಂದು ಕೇಳಿಸಿಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಜನ ಹಾರ ಮಡಚಿಕೊಂಡು ಮನೆಗೆ ಹೋದರು.

ಗಿರಿಜಾ ತಾಟಿನಲ್ಲಿ ಉಳಿದ ಎಲೆ ಹಂಚುತ್ತ ಬಂದಳು. ಮುಖ ಹೂವಿನಂತೆ ಅರಳಿತ್ತು. ನನಗೊಂದು ಎಲೆ ಆರಿಸಿ, ಮಗುಚಿ, ನನ್ನದೇ ದುಂಡು ಅಕ್ಷರವನ್ನು ನಿಧಾನವಾಗಿ ಓದಿದಳು: "ಎಳೆಯದು. ನೀರೇ ಹೆಚ್ಚು. ಸತ್ವ ಇನ್ನೂ ತಿಳಿದಿಲ್ಲ." ಆಮೇಲೆ ಎರಡೂ ಕೈಯಲ್ಲಿ ಚಾಚಿ, "ವೈನಿ, ಇದು ನಿಮ್ಮ ಪಾಲಿಂದು ನೋಡ್ರಿ" ಎಂದಳು.

ಶಾಯಿ ತಿನ್ನಬಾರದೆಂಬುದು ರಸಾಯನಶಾಸ್ತ್ರದವಳಿಗೆ ಗೊತ್ತಿರಬೇಕು. ಆದರೂ ಬರಹ ಒಳಗಾಗುವಂತೆ ಮಡಚಿ, ಬೇರೆ ಯಾರಾದರೂ ಓದುವ ಮೊದಲು ಬಾಯಿಗೆ ಹಾಕಿಕೊಂಡೆ.