ಕಾರಿನೊಳಗೆ ಕೆಟ್ಟ ಕಾಲ

ಕಾಲ ಕೆಟ್ಟುಹೋಗಿದೆ ಎಂದು ಊರಿಗೆ ಊರೇ ಗೊಣಗುತ್ತದೆ. ಇತಿಹಾಸದ ಮೇಷ್ಟ್ರ ಕಾರಿನಲ್ಲಿ ಮಾತ್ರ ಅದು ನಿಜವಾಗಿಯೂ ಕೆಟ್ಟಿತ್ತು.

ಹಳೆಯ ಕಾರು. ದಾರಿ ತೋರಿಸುವ ಪರದೆಯೂ ಅಷ್ಟೇ ಹಳೆಯದು. ಒಂದು ಬೆಳಿಗ್ಗೆ ಅದು ತಾರೀಖನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಎಸೆದು, ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ, ಏನೂ ಅರಿಯದ ಹಸುಗೂಸಿನಂತೆ ಮಿನುಗುತ್ತ ಕೂತಿತು.

"ಮೇಲಿರೋ ಉಪಗ್ರಹ ವಾರಗಳನ್ನ ಎಣಿಸುತ್ತೆ ಸಾರ್," ಎಂದ ಮೆಕ್ಯಾನಿಕ್. "ಎಣಿಕೆ ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಹೊಸ ಕಾರುಗಳಿಗೆ ಅದು ಗೊತ್ತಾಗುತ್ತೆ. ನಿಮ್ಮದಕ್ಕೆ ವಯಸ್ಸಾಯ್ತು. ದಾರಿ ಸರಿ, ವಾರ ಸರಿ. ತಾರೀಖು ಮಾತ್ರ ನನ್ನ ಕೈಲಾಗಲ್ಲ. ಗಂಟೆ ಬೇಕಾದ್ರೆ ತಿರುಗಿಸಿ ಕೊಡ್ತೀನಿ."

"ಒಂದು ಗಂಟೆ ಕಳೆಯೋಕೆ ನನಗೆ ಮೆಕ್ಯಾನಿಕ್ ಬೇಕೇನಯ್ಯಾ?" ಎಂದು ಮೇಷ್ಟ್ರು ಎದೆಯುಬ್ಬಿಸಿ ಹೊರಟುಬಂದರು. ಮನೆಯ ಮುಂದೆ ಕಾರು ನಿಲ್ಲಿಸಿದವರೇ ಕೂಗಿದರು: "ಲೇ, ಈ ಕಾರೊಳಗೆ ನಮ್ಮ ಮದುವೆಗೆ ಇನ್ನೂ ಮೂರು ತಿಂಗಳಿದೆ ಕಣೇ! ಬಾಗಿಲು ಹಾಕ್ಕೊಂಡ್ರೆ ನಾನು ಬ್ರಹ್ಮಚಾರಿ!"

"ಹಾಗಾದ್ರೆ ಊಟಕ್ಕೂ ಒಳಗೆ ಬರಬೇಡಿ," ಎಂದಳು ಹೆಂಡತಿ.

ಬ್ರಹ್ಮಚಾರಿಯ ಜೋಕನ್ನು ಮೇಷ್ಟ್ರು ಪಕ್ಕದ ಮನೆಯವರಿಗೆ, ಶಾಲೆಯ ಸಹೋದ್ಯೋಗಿಗಳಿಗೆ, ಹಾಲಿನವನಿಗೆ ಹೇಳಿದರು. (ಹಾಲಿನವನಿಗೆ ಎರಡು ಸಲ, ಮೊದಲ ಸಲ ಅವನು ನಗಲಿಲ್ಲ.) ಅತ್ತೆಯನ್ನು ಕರೆತರಲು ಹೊರಟ ದಿನ ದಾರಿಯಲ್ಲಿ ಸಿಕ್ಕ ಹಳೇ ಶಿಷ್ಯನಿಗೂ ಅದನ್ನೇ ಹೇಳುತ್ತ ನಿಂತದ್ದರಿಂದ, ರೈಲಿಳಿದ ಅವರು ಸ್ಟೇಷನ್ನಿನಲ್ಲಿ ಟ್ರಂಕಿನ ಮೇಲೆ ಕೂತು ಕಾದೂ ಕಾದೂ ಕೆಂಡವಾಗಿದ್ದರು.

ಹೀಗೇ ಮೂರು ತಿಂಗಳು ಕಳೆದು, ಈಗ ಅತ್ತೆ ಮತ್ತೆ ಬರುವವರಿದ್ದರು.

"ಭಾನುವಾರ ಹನ್ನೊಂದರ ರೈಲು," ಎಂದಳು ಹೆಂಡತಿ. "ಈ ಸಲ ಅಮ್ಮ ಕಾಯೋ ಹಾಗಾದ್ರೆ ಸೋಮವಾರ ಈ ಕಾರು ಗುಜರಿಗೆ."

ಆ ಕಾರೆಂದರೆ ಮೇಷ್ಟ್ರಿಗೆ ಪ್ರಾಣ. ಲೈಸೆನ್ಸ್ ಇದ್ದ ಹೆಂಡತಿಗೂ ಅದರ ಸ್ಟೇರಿಂಗ್ ಮುಟ್ಟಲು ಬಿಟ್ಟವರಲ್ಲ. "ಇದರ ಮನಸ್ಸು ನನಗೊಬ್ಬನಿಗೇ ಗೊತ್ತು," ಎನ್ನುತ್ತಿದ್ದರು.

ಭಾನುವಾರ ಬೆಳಗಾಗುತ್ತಲೇ ಕಾರು ತೊಳೆಯತೊಡಗಿದವರು, ಹೆಂಡತಿ ಒಳಗಿನಿಂದ "ಹೊರಡ್ರೀ!" ಎಂದು ಕಿರುಚುವವರೆಗೂ ತೊಳೆದರು. ಫೋನು ಅಡುಗೆಮನೆಯಲ್ಲೇ ಉಳಿಯಿತು. ಕಾರಿನಲ್ಲೇ ಗಡಿಯಾರ ಇರುವಾಗ ಕೈಗೊಂದು ಏಕೆಂದು ವಾಚನ್ನಂತೂ ಅವರು ಎಂದೋ ಬಿಟ್ಟಿದ್ದರು. ಪರದೆ ಹತ್ತೂವರೆ ತೋರಿಸಿತು. ಮೇಷ್ಟ್ರು ಒಂದು ಕಳೆದರು. ಒಂಬತ್ತೂವರೆ! ಇವಳಿಗೆ ಯಾವಾಗಲೂ ಆತುರ.

ದಾರಿಯಲ್ಲಿ ಹೋಟೆಲ್ ಹೊಕ್ಕು ಕಾಫಿ ಹೇಳಿ, ಪೇಪರು ಬಿಡಿಸಿದರು. ಕಣ್ಣೆತ್ತಿದರೆ ಗೋಡೆ ಗಡಿಯಾರ ಹನ್ನೊಂದು ಹೊಡೆಯುತ್ತಿತ್ತು.

"ನಿಮ್ಮ ಗಡಿಯಾರ ಒಂದು ಗಂಟೆ ಮುಂದಿದೆಯಲ್ರೀ!" ಎಂದು ಮೇಷ್ಟ್ರು ಗಲ್ಲಾದಲ್ಲಿದ್ದ ಯಜಮಾನರನ್ನು ತಿದ್ದಿದರು. "ಇನ್ನೊಂದು ಕಾಫಿ ಕಳಿಸಿ."

ಅವರು ಸ್ಟೇಷನ್ನಿಗೆ ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಪ್ರವೇಶಿಸಿದಾಗ ಅದೇ ಟ್ರಂಕು, ಅದರ ಮೇಲೆ ಅದೇ ಅತ್ತೆ. ಪಕ್ಕದಲ್ಲಿ, ಅಮ್ಮನ ಫೋನು ಬಂದೊಡನೆ ಆಟೋದಲ್ಲಿ ಹಾರಿಬಂದ ಹೆಂಡತಿ.

"ರೈಲು ಬೇಗ ಬಂತಾ?" ಎಂದರು ಮೇಷ್ಟ್ರು.

"ರೀ, ಈಗ ಹನ್ನೆರಡು! ನಿಮಗೆ ತಪ್ಪಾಗಬಾರದು ಅಂತ ನಿನ್ನೆ ಮೆಕ್ಯಾನಿಕ್‌ನ ಕರೆಸಿ ಗಂಟೆ ಸರಿಮಾಡಿಸಿದ್ದೆ!"

"ಸರಿಮಾಡಿಸಿದ್ರೆ ಹೇಳಬಾರದೇನೇ? ನಾನು ಕಳೆದುಬಿಟ್ಟೆ!"

"ಸರಿಯಾಗಿರೋ ಗಡಿಯಾರ ನೋಡೋಕೂ ನಿಮಗೆ ನೋಟಿಸ್ ಕೊಡಬೇಕಾ?"

ಮೇಷ್ಟ್ರು ಟ್ರಂಕನ್ನು ಡಿಕ್ಕಿಗೆ ಏರಿಸಿದರು. ಅತ್ತೆ ಮುಂದೆ ಕೂತರು, ಹೆಂಡತಿ ಹಿಂದೆ. ಪರದೆ ಬೆಳಗಿತು. ಅತ್ತೆ ಕನ್ನಡಕ ಏರಿಸಿ ಬಗ್ಗಿದರು.

"ಇದೇನೇ, ಇದರಲ್ಲಿ ಇವತ್ತು ನಿನ್ನ ಮದುವೆಯ ದಿನ! ಅವತ್ತೂ ಭಾನುವಾರವೇ. ಅವತ್ತೂ ಅಳಿಯಂದಿರು ತಡವಾಗೇ ಬಂದಿದ್ರು."

ಮುಳುಗುತ್ತಿದ್ದ ಮೇಷ್ಟ್ರಿಗೆ ಹುಲ್ಲುಕಡ್ಡಿ ಸಿಕ್ಕಿತು. "ನೋಡಿ ಅತ್ತೆ, ನಮ್ಮ ಮದುವೆ ದಿನವನ್ನ ಎಷ್ಟು ಚೆನ್ನಾಗಿ ನೆನಪಿಟ್ಟಿದೆ! ಇಂಥ ಕಾರನ್ನ ಗುಜರಿಗೆ ಹಾಕೋದಾ?"

"ಇಲ್ಲ, ಹಾಕಲ್ಲ," ಎಂದಳು ಹೆಂಡತಿ. ದನಿ ಯಾಕೋ ಮೃದುವಾಗಿತ್ತು. "ಅಮ್ಮಾ, ಮದುವೆ ಎಷ್ಟು ಗಂಟೆಗಿತ್ತು?"

"ಸಂಜೆ ಆರಕ್ಕೆ."

"ಅಂದ್ರೆ ಕಾರೊಳಗೆ ಇನ್ನೂ ಆಗಿಲ್ಲ."

"ಎಲ್ಲಿ ಆಗಿದೆ? ಯೋಚನೆ ಮಾಡೋಕೆ ಇನ್ನೂ ಬೇಕಾದಷ್ಟು ಟೈಮಿದೆ ಮಗಳೇ."

ಹೆಂಡತಿ ಇಳಿದು ಬಂದು ಮೇಷ್ಟ್ರ ಬಾಗಿಲು ತೆರೆದಳು. "ಇಳೀರಿ."

"ಯಾಕೆ?"

"ಮದುವೆಗೆ ಮುಂಚೆ ಬ್ರಹ್ಮಚಾರಿಗಳ ಜೊತೆ ಕಾರಲ್ಲಿ ಓಡಾಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದಾಳೆ."

"ಹೇಳಿಕೊಟ್ಟಿದ್ದೆ," ಎಂದರು ಅತ್ತೆ, ಸೀಟಿಗೆ ಆರಾಮವಾಗಿ ಒರಗುತ್ತ.

ಮೇಷ್ಟ್ರಿಗೊಬ್ಬರಿಗೇ ಮನಸ್ಸು ಬಿಚ್ಚುತ್ತಿದ್ದ ಆ ಕಾರು ಒಂದಿಷ್ಟೂ ಮುನಿಯದೆ, ಕೆಮ್ಮದೆ, ಹೊಸ ಕೈಗೆ ಒಲಿದು ಹೊರಟುಹೋಯಿತು. ಮೇಷ್ಟ್ರು ಆಟೋ ಹತ್ತಿದರು.

"ಈಗ ಹೋದ್ರಲ್ಲ ಸಾರ್, ಅವರು ನಿಮ್ಮ ಮನೆಯವರಾ?" ಎಂದ ಆಟೋದವನು.

ಮೇಷ್ಟ್ರು ಒಮ್ಮೆ ಲೆಕ್ಕ ಹಾಕಿ ನೋಡಿದರು.

"ಸಂಜೆ ಆರರ ಮೇಲೆ ಹೇಳ್ತೀನಿ, ನೀನು ನಡಿಯಪ್ಪ."