ತಪ್ಪು ಹುಡುಕುವ ಮೇಡಂ

ಬೇರೆಯವರ ವಾಕ್ಯಗಳಲ್ಲಿ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಮೇಲೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಆಗದ ವಾರ ಬಂದರೆ ನನಗೇ ಏನೋ ಕಳೆದುಕೊಂಡ ಹಾಗೆ. ಪೊಲೀಸು, ಬ್ಯಾಂಕು, ರೈಲ್ವೆ ಎಂದು ಪರೀಕ್ಷೆ ಬರೆಯುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರಶ್ನೆಪತ್ರಿಕೆಯಲ್ಲಿ ಒಂದು ವಾಕ್ಯವನ್ನು ನಾಲ್ಕು ತುಂಡು ಮಾಡಿ ಕೊಟ್ಟಿರುತ್ತಾರೆ. ಯಾವ ತುಂಡಿನಲ್ಲಿ ವ್ಯಾಕರಣ ತಪ್ಪಿದೆ ಎಂದು ಗುರುತಿಸಬೇಕು. ನನ್ನ ಪಾಲಿಗೆ ಬಂದ ಪಾಠ ಅದೊಂದೇ.

ವಾಸ ಜಮಖಂಡಿಯಲ್ಲಿ, ಮಹಡಿ ಮೇಲಿನ ಒಂದು ಕೋಣೆ. ಅಲ್ಲಿಂದ ವಾರವಿಡೀ ಬಸ್ಸು ಹಿಡಿದು ಮುಧೋಳ, ಬೀಳಗಿ, ಬನಹಟ್ಟಿ ಎಂದು ಕ್ಲಾಸಿಗೆ ಓಡಾಟ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಹಾಗಾಗಿ ಹೊರಗೆ ಯಾರಾದರೂ ಒಂದು ವಾಕ್ಯ ಆಡಿದರೆ ಸಾಕು, ಹಸಿದವಳ ಹಾಗೆ ಅದರ ಮೇಲೆ ಬೀಳುತ್ತೇನೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಡಾಕ್ಟರ್ ಗೆಳೆಯ

ಬನಹಟ್ಟಿಯ ಕ್ಲಾಸು ಮಗ್ಗದ ಓಣಿಯಲ್ಲಿ. ಕಿಟಕಿ ತೆರೆದರೆ ಮಗ್ಗದ ಸದ್ದು, ಮುಚ್ಚಿದರೆ ಸೆಕೆ. ಒಂದು ದಿನ ಸದ್ದನ್ನೇ ಆರಿಸಿಕೊಂಡು, ಬೋರ್ಡಿನ ಮೇಲೆ ‘ಒನ್ ಆಫ್ ಮೈ ಫ್ರೆಂಡ್ ಈಸ್ ಎ ಡಾಕ್ಟರ್’ ಎಂದು ಬರೆದೆ.

“ಇದರಾಗ ತಪ್ಪು ಎಲ್ಲೈತಿ? ಹೇಳ್ರಿ.”

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಮೂರು ಸಲ ಪೊಲೀಸ್ ಪರೀಕ್ಷೆ ಬರೆದು ಮೂರು ಸಲವೂ ಫೇಲಾದವನು.

“ಕಡೀ ಭಾಗರೀ ಮೇಡಂ. ಡಾಕ್ಟರ್ ಅನ್ನೋದು.”

“ಯಾಕ?”

“ನಮ್ಮ ಫ್ರೆಂಡ್ಸ್‌ನಾಗ ಒಬ್ಬಾಂವನೂ ಪಿಯುಸಿ ಪಾಸಾಗಿಲ್ರಿ. ಡಾಕ್ಟರ್ ಎಲ್ಲಿಂದ ಬಂದ?”

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ನಿಲ್ಲಿಸಲು ನಾನು ಗಂಭೀರವಾಗಿ ಹೇಳಿದೆ, “ಒನ್ ಆಫ್ ಮೈ ಅಂದಮ್ಯಾಲೆ ಭಾಳ ಮಂದಿ ಇರಬೇಕು. ಫ್ರೆಂಡ್ ಅಲ್ಲ, ಫ್ರೆಂಡ್ಸ್. ಭಾಳ ಮಂದ್ಯಾಗ ಒಬ್ಬ.”

ಮುಂದಿನ ಸಾಲಿನ ಹುಡುಗಿ ಪ್ರೀತಿಯಿಂದಲೇ ಕೇಳಿದಳು, “ನಿಮ್ಮ ಫ್ರೆಂಡ್ಸ್ ಏನ್ ಮಾಡ್ತಾರ್ರಿ ಮೇಡಂ?”

ಕಾಲೇಜಿನಲ್ಲಿ ಜೊತೆಗಿದ್ದ ಇಬ್ಬರು ನೆನಪಾದರು. ಒಬ್ಬಳ ನಂಬರು ನನ್ನ ಹತ್ತಿರ ಇಲ್ಲ, ಇನ್ನೊಬ್ಬಳ ಹತ್ತಿರ ನನ್ನದಿಲ್ಲ. ಕಿಟಕಿಯಾಚೆ ಮಗ್ಗ ಖಟ್ ಖಟ್ ಎನ್ನುತ್ತಿತ್ತು.

“ಮೊದಲ ಎಸ್ ಹಚ್ಚಿ ಬರಕೋರಿ” ಎಂದು ಗದರಿಸಿ ಬೋರ್ಡಿನ ಕಡೆ ತಿರುಗಿದೆ. ಏಕವಚನಕ್ಕೇ ಗತಿಯಿಲ್ಲದವಳು ಅವತ್ತು ಗಂಟೆಗಟ್ಟಲೆ ಬಹುವಚನ ಕಲಿಸಿದೆ.

ಆಯೇರಿಯ ಕಾರ್ಡು

ನನ್ನ ಕೋಣೆಯ ಕೆಳಗೇ ಮಾಲಕರ ಮನೆ. ಮಾಲಕರ ಹೆಂಡತಿ ಒಂದು ಸಂಜೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಸ್ವಲ್ಪ ದೊಡ್ಡ ಮಂದಿ. ಕಾರ್ಡು ಇಂಗ್ಲಿಷಿನಲ್ಲೂ ಇರಲಿ ಎಂದಿದ್ದರಂತೆ. ಪ್ರೆಸ್ಸಿನವನು ಕೊಟ್ಟ ಮಾದರಿ ಕೈಯಲ್ಲಿತ್ತು.

“ಅಕ್ಕೋರ, ಇದೊಂದಿಷ್ಟ ನೋಡಿ ಕೊಡ್ರಿ. ಮಂದ್ಯಾಗ ಮರ್ಯಾದಿ ಹೋಗಬಾರದು.”

ಓದಿದೆ. ‘ನಿಮ್ಮ ಪ್ರೆಸೆನ್ಸ್ ಕೋರುತ್ತೇವೆ’ ಎಂದಿರಬೇಕಾದ ಕಡೆ ‘ನಿಮ್ಮ ಪ್ರೆಸೆಂಟ್ಸ್ ಕೋರುತ್ತೇವೆ’ ಎಂದಿತ್ತು.

“ವೈನಿ, ನೀವು ಬರ್ರಿ ಅನ್ನೂದ ಬಿಟ್ಟು, ನಿಮ್ಮ ಆಯೇರಿ, ಉಡುಗೊರಿ ಬರ್ಲಿ ಅಂದಂಗ ಆಗೇತಿ ನೋಡ್ರಿ.”

“ಬರಿಗೈಲೆ ಬಂದ್ರ ನಡೀತೈತಿ ಅಂತ ಯಾರಂದ್ರು? ಅದೂ ಇರ್ಲಿ ಬಿಡ್ರಿ.”

ಹೇಗೋ ಒಪ್ಪಿಸಿ ತಿದ್ದಿದೆ. ಅದೊಂದೇ ಅಲ್ಲ, ವರನ ಹೆಸರಿನಿಂದ ಊಟದ ವೇಳೆಯವರೆಗೆ ಎಲ್ಲವನ್ನೂ ಹೊಸದಾಗಿ ಬರೆದುಕೊಟ್ಟೆ. ಕಾರ್ಡು ಅಚ್ಚಾಗಿ ಬಂತು. ಓಣಿಯ ಮನೆಮನೆಗೆ ಹೋಯಿತು. ಹಾಲಿನವರಿಗೂ ಕೊಟ್ಟರು. ನನ್ನ ಮೆಟ್ಟಿಲು ಮಾತ್ರ ಯಾರೂ ಹತ್ತಲಿಲ್ಲ.

ಮದುವೆಯ ದಿನ ನಾನು ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಮಂಚದ ಮೇಲೆ ಕೂತಿದ್ದೆ. ಗಡಿಬಿಡಿಯಲ್ಲಿ ಮರೆತಿರಬಹುದು, ಕೊನೆಯ ಘಳಿಗೆಗೆ ಯಾರಾದರೂ ಕರೆಯಬಹುದು ಎಂಬ ಆಸೆ. ಕೆಳಗೆ ಬ್ಯಾಂಡು ಹೊಡೆಯಿತು, ಗಾಡಿಗಳು ಹೋದವು, ಮನೆ ಸ್ತಬ್ಧವಾಯಿತು. ಸೀರೆ ಬಿಚ್ಚಿ ಮಡಿಚಿಟ್ಟೆ.

ಮರುದಿನ ಬುಂದೆ ಲಾಡು ಹಿಡಿದು ಬಂದ ಅವರು ಸಿಟ್ಟಿನಿಂದಲೇ ಕೇಳಿದರು, “ಯಾಕ ಬರಲಿಲ್ರಿ ಅಕ್ಕೋರ? ದಾರಿ ನೋಡೇ ನೋಡಿದ್ವಿ.”

“ಕಾರ್ಡ್ ಕೊಡಲಿಲ್ಲಲ್ರಿ ವೈನಿ.”

“ಅಯ್ಯ! ಊರಾಗ ಎಲ್ಲಾರ್ಕಿಂತ ಮೊದಲ ಕಾರ್ಡ್ ನೋಡಿದಾಕಿ ನೀವ. ಮತ್ತೊಂದು ಕೊಟ್ರ ಅದರಾಗೂ ತಪ್ಪು ತಗೀತೀರಿ ಅಂತ ನಮ್ಮ ಮನಿಯವರು ಅಂಜಿದ್ರು.”

ಲೇಟ್ ಮೇಡಂ

ನನ್ನ ಹುಟ್ಟಿದ ದಿನ ಯಾರಿಗೂ ಗೊತ್ತಿರುವುದಿಲ್ಲ. ಒಂದು ವರ್ಷ ಮುಧೋಳದ ಕ್ಲಾಸಿನವರಿಗೆ ಅದು ಹೇಗೋ ಗೊತ್ತಾಗಿದೆ, ಆದರೆ ಒಂದು ದಿನ ತಡವಾಗಿ. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಬೋರ್ಡಿನ ತುಂಬ ಬಣ್ಣಬಣ್ಣದ ಹೂವು. ನಡುವೆ ದೊಡ್ಡ ಅಕ್ಷರದಲ್ಲಿ: ‘ಹ್ಯಾಪಿ ಬರ್ತ್‌ಡೇ ಟು ಅವರ್ ಲೇಟ್ ಮೇಡಂ.’

ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೂ ಬಾಯಿ ಸುಮ್ಮನಿರಬೇಕಲ್ಲ.

“ಹಿಂಗ ಹೆಸರಿನ ಮುಂದ ಲೇಟ್ ಅಂತ ಹಾಕಿದ್ರ ಸತ್ತವರು ಅಂತ ಅರ್ಥ ಆಗತೈತಿ. ನಾ ಇನ್ನೂ ಬದುಕೇನಿ.”

“ತಪ್ಪಾತ್ರಿ ಮೇಡಂ, ಒರಸ್ತೀನಿ” ಎಂದು ಒಬ್ಬಳು ಡಸ್ಟರು ಹಿಡಿದು ಓಡಿ ಬಂದಳು.

“ಬ್ಯಾಡ, ಇರ್ಲಿ ಬಿಡು” ಎಂದೆ. ಆ ವರ್ಷ ನನಗೆ ಬಂದ ಶುಭಾಶಯ ಅದೊಂದೇ. ಒರೆಸಲು ಮನಸ್ಸಾಗಲಿಲ್ಲ. ಬೋರ್ಡಿನ ಮೂಲೆಯಲ್ಲಿ ಅಂಗೈಯಗಲ ಜಾಗ ಉಳಿದಿತ್ತು, ಅಲ್ಲೇ ಪಾಠ ಮುಗಿಸಿ ನೀರು ಕುಡಿಯಲು ಹೊರಗೆ ಹೋದೆ.

ಅಷ್ಟರಲ್ಲಿ ಮುಂದಿನ ಬ್ಯಾಚಿನವರು ಒಳಗೆ ಬಂದಿದ್ದಾರೆ. ಅವರಿಗೆ ‘ಲೇಟ್’ ಪಾಠ ಹಿಂದಿನ ವಾರವೇ ಆಗಿತ್ತು, ಚೆನ್ನಾಗಿ ನೆನಪಿತ್ತು. ನಾನು ಬಾಗಿಲಲ್ಲಿ ಬಂದು ನಿಂತಾಗ ಇಡೀ ಕ್ಲಾಸು ಎದ್ದು, ತಲೆ ತಗ್ಗಿಸಿ, ಕೈಕಟ್ಟಿ ಮೌನವಾಗಿ ನಿಂತಿತ್ತು. ಒಬ್ಬಳು ಮೂಗೂ ಒರೆಸಿಕೊಳ್ಳುತ್ತಿದ್ದಳು.

“ಯಾಕ, ಏನಾತು?” ಎಂದೆ.

ಮೊದಲ ಸಾಲಿನವನು ತಲೆ ಎತ್ತಿ ನನ್ನನ್ನು ನೋಡಿದವನೇ “ಯವ್ವಾ!” ಎಂದು ಚೀರಿ ಬೆಂಚು ಹಾರಿದ.

ಐ ಆ್ಯಮ್ ಅಗ್ರೀ

ನಾನು ಒಂಟಿಯಾಗಿರುವುದು ನನಗಿಂತ ನನ್ನ ಚಿಗವ್ವನಿಗೆ ಹೆಚ್ಚು ಚಿಂತೆ. ಚಿಗವ್ವ ಎಂದರೆ ಅವ್ವನ ತಂಗಿ, ಮನೆ ಬೀಳಗಿಯಲ್ಲಿ. ಒಂದು ಭಾನುವಾರ ನನ್ನನ್ನು ಕರೆಸಿ, ಮುಧೋಳ ಕಡೆಯ ಒಬ್ಬರನ್ನು ತೋರಿಸಿದಳು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವರು.

“ಬಾಯಿ ಮುಚ್ಚಿಕೊಂಡ ಕುಂದ್ರು” ಎಂದು ಚಿಗವ್ವ ಅಡುಗೆಮನೆಯಲ್ಲೇ ತಾಕೀತು ಮಾಡಿದ್ದಳು. “ಹೋದ ಸಲ ಬಂದವರ ಕಾರಿನ ಮ್ಯಾಲೆ ಬರದಿದ್ದು ತಿದ್ದಿ ಕಳಿಸೀದಿ.”

ನಾನೂ ಹಾಗೇ ನಿಶ್ಚಯಿಸಿದ್ದೆ. ಯಾಕೆಂದರೆ ಮನುಷ್ಯ ನನಗೆ ಹಿಡಿಸಿದ್ದರು. ನನಗೆ ಕೊಟ್ಟ ಕುರ್ಚಿ ಅಲುಗಾಡುವುದನ್ನು ಕಂಡು, ಮಾತಿಲ್ಲದೆ ತಮ್ಮದನ್ನು ನನ್ನ ಕಡೆ ಸರಿಸಿ, ಆ ಕುರ್ಚಿಯಲ್ಲಿ ತಾವು ಕೂತರು. ಮನೆಯಲ್ಲಿ ಒಂದು ಬೇಟೆನಾಯಿ ಇದೆಯಂತೆ. “ನಾ ಬಾಜೂಕ ಕುಂತ್ರಷ್ಟ ಉಣ್ಣತೈತ್ರಿ, ಇಲ್ಲಂದ್ರ ಮುಟ್ಟಂಗಿಲ್ಲ” ಎಂದು ಅವರು ಹೇಳುವಾಗ, ಒಬ್ಬಳೇ ಕೂತು ಉಣ್ಣುವ ನನ್ನ ತಟ್ಟೆ ಕಣ್ಣ ಮುಂದೆ ಬಂತು.

ಚಹಾ ಆಯಿತು, ಚುರಮುರಿ ಆಯಿತು. ಅವರ ಕಡೆಯ ಹಿರಿಯರು ಕೇಳಿದರು, “ಮತ್ತ, ನಿನ್ನ ವಿಚಾರ ಏನಪಾ?”

ಇವರು ಎದ್ದು ನಿಂತರು. ಅಂಗಿ ಸರಿಮಾಡಿಕೊಂಡರು. ಹೆಣ್ಣು ಇಂಗ್ಲಿಷ್ ಕಲಿಸುತ್ತಾಳೆ ಎಂದು ಯಾರೋ ಹೇಳಿಕೊಟ್ಟು ಕಳಿಸಿದ್ದರೆಂದು ಕಾಣುತ್ತದೆ.

“ಐ ಆ್ಯಮ್ ಅಗ್ರೀ” ಎಂದರು.

ನಾನು ಹಲ್ಲು ಕಚ್ಚಿದೆ. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದೆ. ಆದರೂ ಬಾಯಿ ತಾನಾಗಿಯೇ ತೆರೆಯಿತು.

“ಐ ಅಗ್ರೀ.”

“ಹಾಂ! ಆಕೀನೂ ಒಪ್ಪಿದ್ಲು!” ಹಿರಿಯರು ತೊಡೆ ತಟ್ಟಿದರು. “ಸಕ್ಕರಿ ತಗೊಂಬರ್ರಿ!”

ತಡೆಯುವ ಮೊದಲೇ ಚಿಗವ್ವ ಕಣ್ಣೀರು ಸುರಿಸುತ್ತ ಬಂದು ನನ್ನ ಬಾಯಿಗೆ ಮುಷ್ಟಿ ಸಕ್ಕರೆ ತುರುಕಿದಳು. ‘ನಾನು ತಿದ್ದಿದೆ ಅಷ್ಟೇ’ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಸಕ್ಕರೆ ನಿಧಾನವಾಗಿ ಕರಗುತ್ತಿತ್ತು, ಕರಗಲಿ ಎಂದು ಸುಮ್ಮನಿದ್ದೆ. ಇವರು ಮಾತ್ರ ನನ್ನನ್ನೇ ಯೋಚನೆಯಿಂದ ನೋಡುತ್ತಿದ್ದರು.

ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಅವರೇ ನಡೆದು ಬಂದರು. ದಾರಿಯಲ್ಲಿ ಮೆಲ್ಲಗೆ ಕೇಳಿದರು, “ಮೇಡಂ, ಆವಾಗ ನೀವು ಒಪ್ಪಿದ್ದಲ್ಲ, ನನ್ನ ತಪ್ಪು ತಿದ್ದಿದ್ರಿ. ಹೌದಲ್ರಿ?”

ಅಷ್ಟು ಜನರಲ್ಲಿ ಅದು ತಿಳಿದದ್ದು ಇವರೊಬ್ಬರಿಗೇ. ನನಗೆ ಎಷ್ಟು ಖುಷಿಯಾಯಿತೆಂದರೆ, ಬೇರೆ ಹೇಳಬೇಕಾದದ್ದನ್ನೆಲ್ಲ ಬಿಟ್ಟು ಪಾಠ ಶುರು ಮಾಡಿದೆ. “ಅಗ್ರೀ ಅನ್ನೋದ ಕ್ರಿಯಾಪದರಿ. ಒಪ್ಪತೀನಿ ಅಂತ ಅದರಾಗ ಬಂತು. ಮತ್ತ ಆ್ಯಮ್ ಬೇಕಾಗಿಲ್ಲ.”

“ಒಪ್ಪಂಗಿಲ್ಲ ಅನ್ನಬೇಕಾದ್ರ? ಆ್ಯಮ್ ನಾಟ್ ಬರತೈತೇನ್ರಿ?”

“ಬರಂಗಿಲ್ಲ. ಐ ಡೋಂಟ್ ಅಗ್ರೀ.”

ಅವರು ತುಟಿಯೊಳಗೇ ಒಂದೆರಡು ಸಲ ಹೇಳಿಕೊಂಡರು. ಇಂಥ ವಿದ್ಯಾರ್ಥಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಜಮಖಂಡಿ ಬಸ್ಸು ಬಂತು. ನನಗೆ ಕಿಟಕಿಯ ಸೀಟು ಹಿಡಿದು ಕೊಟ್ಟು, ಕೆಳಗಿಳಿದು, ಕಿಟಕಿಯ ಹತ್ತಿರ ಬಂದು ಕೈ ಮುಗಿದರು.

“ಸಿಟ್ಟಾಗಬ್ಯಾಡ್ರಿ ಮೇಡಂ. ನೀವು ಛಲೋ ಮಂದಿ. ಆದ್ರ ನಾ ಮನ್ಯಾಗ ಬಾಯಿಗೆ ಬಂದಂಗ ಮಾತಾಡಾಂವ. ತಿದ್ದಾವರು ಎದುರಿಗಿದ್ರ ನನಗ ಮಾತ ಬರಂಗಿಲ್ಲ. ಅದಕ್ಕ...”

ಪಾಠ ಒಪ್ಪಿಸುವವರ ಹಾಗೆ ನೆಟ್ಟಗೆ ನಿಂತು ಹೇಳಿದರು:

“ಐ ಡೋಂಟ್ ಅಗ್ರೀ.”

ಬಸ್ಸು ಹೊರಟಿತು. ಕಂಡಕ್ಟರು ಬಂದು “ಎಷ್ಟು ಮಂದೀರಿ?” ಎಂದ. ಒಂದು ಬೆರಳು ತೋರಿಸಿದೆ. ಪಕ್ಕದ ಸೀಟಿನ ಮೇಲೆ ನನ್ನ ಚೀಲ ಕೂತಿತ್ತು. ಊರು ದಾಟಿ, ಎರಡೂ ಕಡೆ ಕಬ್ಬು ಶುರುವಾಗುವವರೆಗೂ ಆ ಮೂರು ಶಬ್ದಗಳನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಎಲ್ಲೂ ಒಂದು ತಪ್ಪಿಲ್ಲ. ಅಷ್ಟರಲ್ಲಿ ಚಿಗವ್ವನ ಫೋನು.

“ಏನವಾ, ದಾರಿಗುಂಟ ಇಬ್ರೂ ಭಾಳ ಮಾತಾಡಾಕತ್ತಿದ್ರಂತ? ಏನ್ ಹೇಳಿದಿ ಅವರಿಗೆ?”

“ಗ್ರಾಮರ್ ಹೇಳಿದೆ ಚಿಗವ್ವ.”

“ತಿಳೀತೇನ ಅವರಿಗೆ?”

“ಭಾಳ ಛಂದ ತಿಳೀತು” ಎಂದೆ. “ಒಂದ ಸಲಕ್ಕ.”